ಗಟ್ಟಿ ಚಿನ್ನದ ಒಂಬತ್ತು ಬಿಲ್ಲೆ

ಅಮ್ಮನಿಗೆ ಕುತ್ತಿಗೆ ಇರಲಿಲ್ಲ. ಮೂಲೆಯಲ್ಲಿ ಕೂತಿರುವ ಈ ಪ್ಲಾಸ್ಟರ್ ಬೊಂಬೆಗೂ ಇಲ್ಲ, ಯಾರೋ ಕೆಡವಿ ಮುರಿದು ಅಂಟು ಹಾಕಿ ತಲೆಯನ್ನು ನೇರ ಭುಜದ ಮೇಲೆ ಕೂರಿಸಿದ್ದಾರೆ, ಸರ ತೋರಿಸುವ ಕೆಲಸದಿಂದ ತೆಗೆದುಹಾಕಿ ಈ ಅಚ್ಚಿನ ಕೋಣೆಗೆ ತಳ್ಳಿದ್ದಾರೆ, ಈಗ ಅದರ ಕೆಲಸ ಇಲ್ಲಿ ಅಚ್ಚು ತೆಗೆಯುವ ರಬ್ಬರ್ ಮಾಮನ ಟೋಪಿ ಹೊತ್ತುಕೊಂಡಿರುವುದು — ಅಮ್ಮನಿಗೂ ಹೀಗೇ ಅಂದಿದ್ದರಂತೆ, ಹುಡುಗಿಗೆ ತಲೆ ಇದೆ ಭುಜ ಇದೆ, ಮಧ್ಯದ್ದು ಹಾಕೋದು ಮರ್ತಿದ್ದಾರೆ, ಅಂದವಳು ದೊಡ್ಡತ್ತೆ, ಮೊದಲ ಸಲ ನೋಡಿ ಬಂದ ದಿನವೇ, ಅಪ್ಪನ ಮುಂದೆಯೇ. ಯಾವ ಸರ ಹಾಕಿದರೂ ಗಲ್ಲಕ್ಕೆ ತಾಗುತ್ತಿತ್ತು, ಮದುಮಗಳ ಮುಂಭಾಗದಲ್ಲಿ ಒಡವೆಗೆ ಜಾಗವೇ ಇಲ್ಲ, ಅಪ್ಪ ಅಕ್ಕಸಾಲಿಗ, ಜಾಗ ಇಲ್ಲದ ಕಡೆ ಜಾಗ ಹುಡುಕುವುದೇ ಅವನ ಕಸುಬು, ಮುಂದೆ ಬಿಟ್ಟು ಹಿಂದೆ ಹೋದ, ಕುತ್ತಿಗೆ ಇಲ್ಲದಿದ್ದರೇನು ಜಡೆ ಇದೆಯಲ್ಲ, ಸೊಂಟ ದಾಟಿದ ಜಡೆ, ಅದರ ಬುಡದಿಂದ ತುದಿಯವರೆಗೆ ಒಂದರ ಕೆಳಗೊಂದು ಹೊಲಿಯುವಂತೆ ಒಂಬತ್ತು ಬಿಲ್ಲೆ, ಮೇಲಿನದು ಅಂಗೈಯಷ್ಟು, ಕೊನೆಯದು ಹೆಬ್ಬೆರಳ ಉಗುರಿನಷ್ಟು, ಮದುವೆಯ ಫೋಟೊದಲ್ಲಿ ಅಮ್ಮ ಬೆನ್ನು ತಿರುಗಿಸಿ ನಿಂತಿದ್ದಾಳೆ, ಮುಖ ಅರ್ಧ ಹೊರಳಿಸಿ, ಫೋಟೊದವನು ಬೇಡ ಅಂದರೂ ಅಪ್ಪ ಬಿಟ್ಟಿರಲಿಲ್ಲ, ಮುಖ ದಿನಾ ನೋಡ್ತೀನಿ, ನೀನು ಬಿಲ್ಲೆ ತೆಗಿ ಅಂದಿದ್ದನಂತೆ. ಆ ಒಂಬತ್ತು ಬಿಲ್ಲೆ ಈಗ ನನ್ನ ಎದುರಿಗೇ ಇವೆ, ಕಾಣುವುದಿಲ್ಲ ಅಷ್ಟೆ, ಹಸಿ ರಬ್ಬರಿನ ಎರಡು ಹೊದಿಕೆಗಳ ನಡುವೆ, ಹೊದಿಕೆಗಳು ಅಲ್ಯೂಮಿನಿಯಂ ಚೌಕಟ್ಟಿನೊಳಗೆ, ಚೌಕಟ್ಟು ಪ್ರೆಸ್ಸಿನ ಎರಡು ಕಾದ ತಟ್ಟೆಗಳ ನಡುವೆ, ಮೇಲಿನ ಚಕ್ರ ಬಿಗಿದು ಕೈ ಒರೆಸಿಕೊಂಡು ನಲವತ್ತೈದು ನಿಮಿಷ ಮೇಡಂ ಅಂತ ರಬ್ಬರ್ ಮಾಮ ಹೇಳಿ ಎಂಟು ನಿಮಿಷ ಆಯಿತು, ಕೆಂಪು ಅಂಕಿ ಮೂವತ್ತೇಳು ಅನ್ನುತ್ತಿದೆ, ಬೆಂದ ಮೇಲೆ ರಬ್ಬರನ್ನು ಚಾಕುವಿನಲ್ಲಿ ಸೀಳಿ ಬಿಲ್ಲೆ ತೆಗೆದರೆ ಒಳಗೆ ಅದರದೇ ಆಕಾರದ ಗೂಡು, ಗೂಡಿಗೆ ಮೇಣ ತುಂಬಿದರೆ ಎಷ್ಟು ಬೇಕಾದರೂ ನಕಲು, ಅಪ್ಪ ಎಂಟು ತಿಂಗಳು ಕೂತು ಮಾಡಿದ್ದು ನಾಳೆಯಿಂದ ಗಂಟೆಗೆ ನಲವತ್ತು — ಏನೋ ವಾಸನೆ, ರಬ್ಬರಿನದಲ್ಲ, ರಬ್ಬರಿನ ಕೆಳಗೆ ಇನ್ನೊಂದು, ಸ್ವಲ್ಪ ಸಿಹಿ, ಯಾರ ಡಬ್ಬಿಯ ಊಟವೋ.

ಜಡೆ ಇಲ್ಲದವಳಿಗೆ ಜಡೆಬಿಲ್ಲೆ, ಇದು ನನ್ನ ಯೋಚನೆ, ಈ ಕಂಪನಿಗೆ ಬಂದು ನಾಲ್ಕು ವರ್ಷದಲ್ಲಿ ನನ್ನದು ಅಂತ ಹೇಳಿಕೊಳ್ಳಬಹುದಾದ ಒಂದೇ ಒಂದು, ಉಳಿದದ್ದೆಲ್ಲ ಹೂವನ್ನು ಎಡಕ್ಕೆ ತಿರುಗಿಸು, ಎಲೆಯನ್ನು ಬಲಕ್ಕೆ ತಿರುಗಿಸು, ಹೊಸ ಡಿಸೈನ್ ಅಂತ ಸಂಖ್ಯೆ ಹಾಕು. ಹುಟ್ಟಿದ್ದು ತಂಗಿಯ ತಲೆ ನೋಡಿ, ಕಾಲೇಜಿನ ಎರಡನೇ ವರ್ಷ ಕೂದಲು ಕತ್ತರಿಸಿಕೊಂಡು ಬಂದವಳು ಮತ್ತೆ ಬೆಳೆಸಲಿಲ್ಲ, ಮನೆಯಲ್ಲಿ ಅವಳ ಹೆಸರೇ ಕ್ರಾಪು, ಬರುವ ಭಾನುವಾರ ಕ್ರಾಪುವಿನ ಮದುವೆ, ಬಿಲ್ಲೆ ಅವಳಿಗೆ ಅಂತ ಅಮ್ಮ ಯಾವಾಗಲೋ ಹೇಳಿಯಾಗಿದೆ, ನಿನಗೆ ಓದು ಕೊಡಿಸಿದ್ವಿ ಅವಳಿಗೆ ಬಿಲ್ಲೆ, ಸರಿಹೋಯ್ತಲ್ಲ ಲೆಕ್ಕ, ಆದರೆ ಹೊಲಿಯುವುದು ಎಲ್ಲಿಗೆ, ಕಿವಿಗೆ ನೇತು ಹಾಕ್ಕೊಳ್ಲಾ ಅಂದಳು ಕ್ರಾಪು, ಆ ರಾಗಕ್ಕೆ ಅಮ್ಮನಿಗೂ ನಗು ಬಂತು. ನಾನು ಹಾಳೆ ತೆಗೆದು ಬರೆದೆ — ಕತ್ತಿನ ಹಿಂದಿನಿಂದ ಒಂದು ತೆಳು ಸರಪಳಿ, ಬೆನ್ನುಮೂಳೆಯ ಮೇಲೇ ಇಳಿಯಬೇಕು, ಒಂದೊಂದು ಗಂಟಿನ ಮೇಲೆ ಒಂದೊಂದು ಬಿಲ್ಲೆ, ಜಡೆ ಇರಬೇಕಾದ ಜಾಗದಲ್ಲಿ ಜಡೆ ಇಲ್ಲ, ಬಿಲ್ಲೆ ಮಾತ್ರ ಇದೆ, ಬಗ್ಗಿದರೆ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದಾಗಬೇಕು. ಅಮ್ಮ ಕನ್ನಡಕ ಏರಿಸಿ ನೋಡಿದಳು, ಜಡೆ ಇಲ್ಲದ ಜಡೆಬಿಲ್ಲೆನಾ, ಆಯ್ತು, ಮುಂದಿನ ಸಲ ಬೆರಳಿಲ್ಲದೋರಿಗೆ ಉಂಗುರ ಬರಿ ಅಂದಳು, ಅಂದವಳು ಹಾಳೆಯನ್ನು ವಾಪಸು ಕೊಡಲಿಲ್ಲ, ಅವಳ ದಿಂಬಿನ ಕೆಳಗೆ ಸಿಕ್ಕಿತು. ಕಂಪನಿಯ ಯಜಮಾನರು ಮಾತ್ರ ಕುರ್ಚಿಯಿಂದ ಎದ್ದೇಬಿಟ್ಟರು, ಇದು, ಇದು ಬೇಕಾಗಿದ್ದು ನಮಗೆ, ನೋಡಿದ್ರೆ ಭಾರ ಹಾಕಿದ್ರೆ ಹಗುರ, ಈಗಿನ ಹುಡುಗೀರಿಗೆ ಅಮ್ಮನ ಒಡವೆ ಬೇಕು ಅಮ್ಮನ ತೂಕ ಬೇಡ, ಒಳಗೆ ಟೊಳ್ಳು ಮಾಡಿ, ಎಷ್ಟು ತೆಳ್ಳಗಾಗುತ್ತೋ ಅಷ್ಟು ಮಾಡಿ, ಮೂಲ ಮಾತ್ರ ನಿಮ್ಮ ತಂದೇದೇ ಇರ್ಲಿ, ಮೂಲ ಗಟ್ಟಿ ಚಿನ್ನ ಅಲ್ವಾ. ಗಟ್ಟಿ ಚಿನ್ನ ಸರ್. ಜಾಹೀರಾತು ಬರೆಯುವವನು ಅಲ್ಲೇ ಬರೆದ, ನಿಮ್ಮ ಬೆನ್ನಿಗೆ ನಿಮ್ಮ ಪರಂಪರೆ, ಬೆನ್ನು ಬಿದ್ದಿರೋ ಪರಂಪರೆ ಅಂತ ಹಾಕಿ ಅಂದೆ ನಾನು, ಯಾರೂ ನಗಲಿಲ್ಲ, ಯಜಮಾನರ ಕೋಣೆಯಲ್ಲಿ ಯಜಮಾನರು ನಕ್ಕ ಮೇಲೆ ನಗುವುದು.

ಚುಕ್ಕೆ ಬೇರೆ ತೋರಿಸಿದೆ. ಪರದೆಯ ಮೇಲೆ ಅಷ್ಟು ದೊಡ್ಡದು ಮಾಡಿ ತೋರಿಸಿದೆ, ಪ್ರತಿ ಬಿಲ್ಲೆಯ ಹಿಂಬದಿಯಲ್ಲಿ ಎಳ್ಳಿನಷ್ಟು ಒಂದು ಉಬ್ಬು, ಬೆಸುಗೆ ಹಾಕಿ ನಯವಾಗಿ ಅರದಿಂದ ಉಜ್ಜಿದ್ದು, ಇದು ನಮ್ಮ ತಂದೆಯ ಸಹಿ ಸರ್, ಓದು ಬರದ ಕೈಯ ಸಹಿ ಅಂದೆ, ಈ ಚುಕ್ಕೆಯನ್ನು ಹೊಸ ವಿನ್ಯಾಸದಲ್ಲೂ ಉಳಿಸಿಕೊಂಡಿದ್ದೇನೆ ಅಂದೆ, ಅಪ್ಪನಿಗೆ ಓದು ಬರುತ್ತಿತ್ತು, ದಿನಾ ಪೇಪರ್ ಓದುತ್ತಿದ್ದ, ಆದರೂ ಅಂದೆ, ಹಾಗಂದರೆ ಚೆನ್ನಾಗಿ ಕೇಳಿಸುತ್ತದೆ. ಎಂಟರ ಹಿಂದೆ ಚುಕ್ಕೆ ಇದೆ, ಉಗುರಿನಷ್ಟು ಸಣ್ಣದರ ಹಿಂದೆ ಇಲ್ಲ, ಕೊನೆಯದಕ್ಕೆ ಹಾಕುವುದು ಮರೆತಿರಬೇಕು ಅಂದುಕೊಂಡೆ, ಅಪ್ಪ ಮರೆಯುವವನಲ್ಲ ಅಂತ ಹೊಳೆಯಲಿಲ್ಲ. ಇವತ್ತು ಬೆಳಿಗ್ಗೆ ಅಮ್ಮ ಡಬ್ಬಿ ಕೊಟ್ಟಳು, ಹತ್ತಿಯಲ್ಲಿ ಸುತ್ತಿ, ಹತ್ತಿಯ ಮೇಲೆ ಬಟ್ಟೆ, ಸಾಯಂಕಾಲ ತಂದ್ಬಿಡು, ಕ್ರಾಪುಗೆ ಹಾಕಿ ನೋಡ್ಬೇಕು, ಸರಪಳಿ ಎಲ್ಲಿಗೆ ಬರುತ್ತೆ ಅಂತ. ತರ್ತೀನಮ್ಮ. ಗೇಟಿನ ಅಕ್ಕ ಡಬ್ಬಿ ಬಿಚ್ಚಿ ಒಂಬತ್ತನ್ನೂ ತಕ್ಕಡಿಗೆ ಹಾಕಿದಳು, ಇನ್ನೂರ ಹನ್ನೆರಡು ಗ್ರಾಂ, ಚೀಟಿಯಲ್ಲಿ ಬರೆದಳು, ಹೋಗುವಾಗ ಇಷ್ಟೇ ಇರ್ಬೇಕು ನೋಡಮ್ಮ, ಇಲ್ಲದಿದ್ರೆ ನಿನ್ನನ್ನೂ ಬಿಡಲ್ಲ ಡಬ್ಬೀನೂ ಬಿಡಲ್ಲ, ಅಂದು ನನ್ನ ಕಾಲಿನವರೆಗೆ ತಡವಿದಳು, ಇಲ್ಲಿ ನಮ್ಮ ಬಟ್ಟೆಗೆ ಜೇಬಿಲ್ಲ, ಫೋನು ಹೊರಗೆ ಬೀರುವಿನಲ್ಲಿ, ಕೂದಲು ಬಲೆಯ ಟೋಪಿಯೊಳಗೆ. ಶುದ್ಧತೆ ನೋಡುವ ಯಂತ್ರ ಅಪ್ಪಟ ಅಂದಿತು, ಆ ಯಂತ್ರ ಚರ್ಮ ಮಾತ್ರ ನೋಡುತ್ತದೆ, ಮೂಳೆ ನೋಡುವುದಿಲ್ಲ, ಅದು ನನಗೆ ಗೊತ್ತು, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇನೆ. ಅಚ್ಚಿನ ಫಾರಮಿನಲ್ಲಿ ಮೂರು ಚೌಕ — ಗಟ್ಟಿ, ಟೊಳ್ಳು, ಒಳಗೆ ತುಂಬಿದ್ದು. ಗಟ್ಟಿಯ ಮುಂದೆ ಗೆರೆ ಎಳೆದೆ. ರಬ್ಬರ್ ಮಾಮ ದೊಡ್ಡ ಬಿಲ್ಲೆಯನ್ನು ಉಗುರಿನಿಂದ ತಟ್ಟಿ ಕಿವಿಗೆ ಹಿಡಿದು, ಒಳಗೆ ಏನೂ ಇಲ್ಲ ತಾನೇ ಮೇಡಂ, ಹಳೇ ಕೆಲಸ, ಕೇಳ್ಬೇಕಾಗುತ್ತೆ, ತಣ್ಣನೆ ರಬ್ಬರಲ್ಲೂ ತೆಗೀಬೋದು, ಎರಡು ದಿನ ಹಿಡಿಯುತ್ತೆ ಅಷ್ಟೆ. ನಮ್ಮಪ್ಪನೇ ಮಾಡಿದ್ದು ಮಾಮ, ಗಟ್ಟಿ. ಸರಿ, ಒಂದೊಂದೇ ಹಾಕೋಣ ಹಾಗಾದ್ರೆ, ಮೊದ್ಲು ಸಣ್ಣದು. ಎಲ್ಲಾ ಒಟ್ಟಿಗೆ ಹಾಕಿ, ಸಾಯಂಕಾಲಕ್ಕೆ ಬೇಕು. ಒಟ್ಟಿಗಾ. ಒಟ್ಟಿಗೆ. ಅವರು ದೊಡ್ಡ ಚೌಕಟ್ಟು ಹುಡುಕಿ ತಂದು ಐದನ್ನು ಅಂಚಿನ ಸುತ್ತ ನಾಲ್ಕನ್ನು ನಡುವೆ ಜೋಡಿಸಿದರು, ಮಕ್ಕಳನ್ನು ಮಲಗಿಸುವ ಹಾಗೆ, ಮೇಲೆ ರಬ್ಬರ್ ಹೊದಿಸಿದರು.

ಮೂವತ್ತಾರು. ಮಾಮ ಸ್ಟೂಲಿನ ಮೇಲೆ ಕೂತು ಹಲ್ಲಿನ ಕಥೆ ಶುರು ಮಾಡಿದ್ದಾರೆ, ಹೊಸ ಕಟ್ಟು ಹಾಕಿಸಿಕೊಂಡು ಒಂದು ವಾರ, ಡಾಕ್ಟ್ರು ನನ್ನ ಬಾಯಿಗೆ ಅದೇನೋ ಗುಲಾಬಿ ಹಿಟ್ಟು ತುಂಬಿ ಕಚ್ಚಿ ಹಿಡೀರಿ ಅಂದ, ಮೂವತ್ತು ವರ್ಷ ಅಚ್ಚು ತೆಗೆದವನ ಬಾಯಿಗೇ ಅಚ್ಚು, ಅಂಚಲ್ಲಿ ಗಾಳಿ ಉಳ್ದಿದೆ ಕಣಯ್ಯಾ ಅಂತ ಹೇಳೋಣ ಅಂದ್ರೆ ಬಾಯಿ ತುಂಬಾ ಹಿಟ್ಟು, ನೋಡಿ ಈಗ ಇಲ್ಲಿ ಚುಚ್ಚುತ್ತೆ, ನಾನು ನಗುತ್ತೇನೆ, ವಾಸನೆ ಜಾಸ್ತಿ ಆಗಿದೆ, ಸಿಹಿಯ ಕೆಳಗೆ ಸುಟ್ಟ ಇಟ್ಟಿಗೆ, ಮಾಮ ನಿಮಗೆ ವಾಸನೆ ಬರ್ತಿದೆಯಾ, ನನಗಾ, ಆ ಜ್ವರ ಬಂದ್ಮೇಲೆ ನನ್ನ ಮೂಗು ಬರೀ ಕನ್ನಡಕ ನಿಲ್ಲೋಕೆ ಮೇಡಂ, ಮನೇಲಿ ಹಾಲು ಹೊತ್ತಿ ಹೋದ್ರೂ ಪಕ್ಕದ ಮನೆಯವರು ಬಂದು ಹೇಳ್ಬೇಕು — ಎಡಗಾಲು ಉರಿಯುತ್ತದೆ. ಕಾಲಿಗೆ ಏನೂ ಆಗಿಲ್ಲ, ಪಾದದ ಮೇಲಿನ ಆ ಹಳೆಯ ಕಲೆ ಇರುವ ಜಾಗ, ಮೂಗಿಗಿಂತ ಮೊದಲು ಕಾಲಿಗೆ ಗೊತ್ತಾಯಿತು, ಆಗ ನನಗೆ ಆರು ವರ್ಷ, ಅಪ್ಪನ ಮಣೆಯ ಪಕ್ಕ ಕೂತಿದ್ದೇನೆ, ಅವನು ಊದುಗೊಳವೆಯಿಂದ ಊದುತ್ತಿದ್ದಾನೆ, ಕಬ್ಬಿಣದ ಸೌಟಿನಲ್ಲಿ ಅರಗು ಕರಗುತ್ತಿದೆ, ಅದಕ್ಕೆ ಇಟ್ಟಿಗೆ ಪುಡಿ ಬೆರೆಸುತ್ತಿದ್ದಾನೆ, ಯಾರದೋ ಬಳೆ, ತೆಳು ತಗಡಿನದು, ಒಳಗೆ ಖಾಲಿ, ಬೆನ್ನಿಗೆ ಸಣ್ಣ ತೂತು, ತೂತಿನಿಂದ ಅರಗು ತುಂಬುತ್ತಿದ್ದಾನೆ, ತುಂಬಿದ್ರೆ ತಗಡು ತಗ್ಗು ಬೀಳಲ್ಲ ಪುಟ್ಟಿ, ಕೈಗೆ ತೂಕಾನೂ ಬರುತ್ತೆ, ಪಾಪ ಅವರಿಗೂ ಸಮಾಧಾನ, ನಾನು ಕೈ ಚಾಚಿದೆ, ಸೌಟು ವಾಲಿತು, ಒಂದು ಹನಿ, ಕಂದು, ನೂಲು ಎಳೆದುಕೊಂಡು ನಿಧಾನಕ್ಕೆ ಇಳಿದು ನನ್ನ ಪಾದದ ಮೇಲೆ ಕೂತಿತು, ಅದೇ ವಾಸನೆ, ನನ್ನ ಚರ್ಮದ್ದೂ ಅದರದ್ದೂ ಸೇರಿ. ಆಮೇಲೆ ಅಪ್ಪ ತೂತಿನ ಮೇಲೆ ಎಳ್ಳಿನಷ್ಟು ಚಿನ್ನ ಇಟ್ಟು ಮುಚ್ಚಿ ಅರದಿಂದ ಉಜ್ಜಿದ. ಚುಕ್ಕೆ.

ಚುಕ್ಕೆ, ಅದು ಸಹಿಯಲ್ಲ, ಅರಗು ತುಂಬಿದ ತೂತಿನ ಬಿರಡೆ. ಎಂಟು ಬಿಲ್ಲೆ, ಎಂಟು ಬಿರಡೆ, ಬಿರಡೆಯನ್ನು ಪರದೆಯ ಮೇಲೆ ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದ್ದೇನೆ, ಹೊಸ ವಿನ್ಯಾಸದಲ್ಲೂ ಉಳಿಸಿಕೊಂಡಿದ್ದೇನೆ. ಹೇಳು. ಈಗ ಹೇಳು, ಮಾಮ ಚಕ್ರ ಸಡಿಲಿಸಿ ಅಂತ ಮೂರು ಪದ, ಮೂವತ್ತೈದು ಅನ್ನುತ್ತಿದೆ, ರಬ್ಬರಿನ ನಡುವಿಗೆ ಇನ್ನೂ ಬಿಸಿ ಹೋಗಿರಲಿಕ್ಕಿಲ್ಲ, ಬಾಯಿ ತೆಗೆದೆ, ಗಾಜಿನ ಆಚೆ ಯಜಮಾನರು, ಹೊರದೇಶದ ಅಂಗಡಿಯವರು ಮೂರು ಜನ ಜೊತೆಗೆ, ಬಿಳಿ ಕೋಟು ಹಾಕಿಸಿ ಕರೆದುಕೊಂಡು ಬಂದಿದ್ದಾರೆ, ಯಜಮಾನರ ಬೆರಳು ನನ್ನ ಕಡೆ ತಿರುಗಿತು, ಗಾಜಿನಿಂದ ಮಾತು ಕೇಳಿಸುವುದಿಲ್ಲ, ಕೇಳಿಸಬೇಕಾಗಿಯೂ ಇಲ್ಲ, ಇವ್ರೇ ನಮ್ಮ ಡಿಸೈನರ್, ಇವ್ರ ತಂದೆ ಕೈಕೆಲಸ, ಗಟ್ಟಿ ಚಿನ್ನ, ಮೂರೂ ಜನ ತಲೆ ಆಡಿಸಿದರು, ಒಬ್ಬಾಕೆ ತನ್ನ ಬೆನ್ನಿನ ಮೇಲೆ ಕೈ ಇಳಿಸಿ ಹೀಗಾ ಅಂತ ಸನ್ನೆ ಮಾಡಿ ಕೇಳಿದಳು, ನಾನು ಹೌದು ಅಂತ ತಲೆ ಆಡಿಸಿದೆ, ನಕ್ಕೆ ಕೂಡ, ಬಾಯಿ ಹೇಗೂ ತೆರೆದೇ ಇತ್ತು. ಅವರು ನಿಂತರು. ಪ್ರೆಸ್ಸು ಹೇಗೆ ಕೆಲಸ ಮಾಡುತ್ತದೆ ಅಂತ ಯಜಮಾನರು ಎರಡು ಅಂಗೈ ಒತ್ತಿ ತೋರಿಸಿದರು, ನಿಂತೇ ಇದ್ದರು, ಮೂವತ್ನಾಲ್ಕು, ಮೂವತ್ತಮೂರು, ಮೂವತ್ತೆರಡು, ಹೋಗಿ, ದಯವಿಟ್ಟು ಹೋಗಿ, ಇಲ್ಲಿ ಏನೂ ಕಾಣಲ್ಲ, ಮೂವತ್ತೊಂದಕ್ಕೆ ಹೋದರು. ಆಗಲಾದರೂ ಹೇಳಬಹುದಿತ್ತು. ಆಗ ಚೌಕಟ್ಟಿನ ಸಂದಿಯಲ್ಲಿ, ಅಲ್ಯೂಮಿನಿಯಂ ಮತ್ತು ಕೆಳಗಿನ ತಟ್ಟೆ ಸೇರುವ ಕಡೆ, ಒಂದು ಹನಿ ಕಾಣಿಸಿತು, ಕಂದು, ಗುಂಡುಸೂಜಿಯ ತಲೆಯಷ್ಟು, ಬೀಳುವುದಿಲ್ಲ, ಒಳಕ್ಕೂ ಹೋಗುವುದಿಲ್ಲ, ಅಲ್ಲೇ ಕೂತು ದಪ್ಪ ಆಗುತ್ತಿದೆ.

ಗೋಡೆಯ ಫೋನು. ಮಾಮ ಎತ್ತಿ ನಿಮ್ಗೇ ಮೇಡಂ ಅಂದರು, ರಿಸೆಪ್ಷನ್ನಿನ ಹುಡುಗಿ, ನಿಮ್ಮ ಅಮ್ಮ ಲೈನಲ್ಲಿದ್ದಾರೆ, ಮೂರು ಸಲ ಮಾಡಿದ್ರು, ಅರ್ಜೆಂಟಂತೆ, ಆಮೇಲೆ ಟಿಕ್ ಅಂತ ಸದ್ದು, ಅಮ್ಮನ ಉಸಿರು, ಅವಳು ಫೋನಿನಲ್ಲಿ ಮೊದಲು ಉಸಿರಾಡುತ್ತಾಳೆ ಆಮೇಲೆ ಮಾತಾಡುತ್ತಾಳೆ. ಊಟ ಆಯ್ತಾ. ಆಯ್ತಮ್ಮ. ಏನಿಲ್ಲ, ಬೆಳಿಗ್ಗೆ ಹೇಳೋದು ಮರ್ತೆ, ಆ ಡಬ್ಬೀನ ಬಿಸಿಲಿಗೆ ಇಡ್ಬೇಡ. ಇಟ್ಟಿಲ್ಲಮ್ಮ. ದೀಪದ ಹತ್ರ ಗೀಪದ ಹತ್ರ ಇಡ್ಬೇಡ, ನಿಮ್ಮ ಆಫೀಸಲ್ಲಿ ಆ ಫೋಟೊ ತೆಗೆಯೋ ದೊಡ್ಡ ದೀಪ ಇರುತ್ತಲ್ಲ, ಅದರ ಕೆಳಗೆ ಬೇಡ. ಇಲ್ಲ, ಏಸಿ ರೂಮಲ್ಲಿದೆ. ಹಾಂ. ಉಸಿರು. ಯಾಕಮ್ಮ, ಬಿಸಿ ಆದ್ರೆ ಏನಾಗುತ್ತೆ, ಗಟ್ಟಿ ಚಿನ್ನ ಅಲ್ವಾ, ಅಂದೆ, ಕೇಳಬಾರದಿತ್ತು, ಕೇಳಿದೆ, ಹನಿಯನ್ನೇ ನೋಡುತ್ತ ಕೇಳಿದೆ. ಆ ಕಡೆಯಿಂದ ನಲ್ಲಿಯ ಸದ್ದು, ಪಾತ್ರೆಯ ಸದ್ದು, ಕ್ರಾಪು ಏನೋ ಹಾಡಿಕೊಳ್ಳುವ ಸದ್ದು, ಆಮೇಲೆ ಅಮ್ಮ, ಗಟ್ಟೀನೇ. ಆದ್ರೂ. ಅಷ್ಟು ಹೇಳಿ ಮತ್ತೆ ಉಸಿರು, ಬೇಗ ಬಾ, ಕ್ರಾಪು ಆಗ್ಲೇ ಕನ್ನಡಿ ಮುಂದೆ ಬೆನ್ನು ತಿರುಗಿಸ್ಕೊಂಡು ನಿಂತಿದ್ದಾಳೆ, ನಾನು ನಿಂತಂಗೇ.

ಗಟ್ಟೀನೇ ಆದ್ರೂ. ಹಾಗಾದರೆ ಅವಳಿಗೆ ಗೊತ್ತು. ಎಷ್ಟು ವರ್ಷದಿಂದ, ಮೊದಲ ದಿನದಿಂದಲೋ, ಸ್ಕೂಲಿನ ನಾಟಕಕ್ಕೆ ನನಗೆ ಬಿಲ್ಲೆ ಹೊಲಿದು ಕಳಿಸಿದಾಗ ಅಂಗಳದಲ್ಲಿ ಆಡುತ್ತಿದ್ದ ನನ್ನನ್ನು ರಟ್ಟೆ ಹಿಡಿದು ಎಳೆದಿದ್ದಳು, ನೆರಳಿಗೆ ಬಾ, ನೆರಳಿಗೆ ಬಾ ಅಂದ್ನಲ್ಲ, ನಾನು ಕಪ್ಪಾಗುತ್ತೇನೆ ಅಂತ ಅವಳಿಗೆ ಚಿಂತೆ ಅಂದುಕೊಂಡಿದ್ದೆ, ಆ ಸಿಟ್ಟಿಗೆ ಒಂದು ವರ್ಷ ಮೂರು ಹೊತ್ತೂ ಬಿಸಿಲಲ್ಲೇ ಆಡಿದೆ, ಡಬ್ಬಿ ಯಾವತ್ತೂ ಅಡುಗೆಮನೆಯ ಗೋಡೆಗೆ ತಾಗಿದ ಬೀರುವಿನಲ್ಲಿ ಇರುತ್ತಿರಲಿಲ್ಲ, ಒಳಕೋಣೆಯ ನೆಲದ ಮೇಲೆ, ತಣ್ಣಗಿನ ಕಲ್ಲಿನ ಮೇಲೆ, ಕಳ್ಳರಿಗೆ ಗೊತ್ತಾಗಬಾರದು ಅಂತ ಅಂದುಕೊಂಡಿದ್ದೆ, ಯಾರಾದರೂ ಮುಟ್ಟಿ ನೋಡಿ ಅಬ್ಬ ಎಷ್ಟು ಭಾರ ಅಂದರೆ ಅಮ್ಮ ಬೇಗ ಬೇಗ ಸುತ್ತಿ ಇಟ್ಟುಬಿಡುತ್ತಿದ್ದಳು, ದೃಷ್ಟಿಯಾಗುತ್ತೆ ಅಂತ ಅಂದುಕೊಂಡಿದ್ದೆ, ಏನೇನು ಅಂದುಕೊಂಡಿದ್ದೆ. ತಾತ ಅಪ್ಪನನ್ನು ಮನೆಯ ಹೊರಗೇ ನಿಲ್ಲಿಸಿ ಕೇಳಿದ್ದರಂತೆ, ದಿನಾ ಚಿನ್ನ ಮುಟ್ತೀಯ, ಮನೇಲಿ ಮೂಗಿಗೆ ಹಾಕೋಕೂ ಇಲ್ಲ, ನನ್ನ ಮಗಳಿಗೆ ಏನು ಹಾಕ್ತೀಯ, ಅಪ್ಪ ಅಂದನಂತೆ, ಒಂಬತ್ತು ಬಿಲ್ಲೆ ಹಾಕ್ತೀನಿ ಮಾವ, ಗಟ್ಟಿ ಚಿನ್ನದ್ದು, ಇನ್ನೂ ಮಾವ ಆಗಿರಲಿಲ್ಲ, ಮಾವ ಅಂದೇಬಿಟ್ಟ, ಈ ಕಥೆಯನ್ನು ಅಮ್ಮ ಎಷ್ಟು ಸಲ ಹೇಳಿದ್ದಾಳೆ, ಗಟ್ಟಿ ಚಿನ್ನ ಅನ್ನುವ ಕಡೆ ಅವಳ ದನಿ ಒಂದು ಚೂರೂ ಅಲುಗಿಲ್ಲ. ಅಪ್ಪ ಸತ್ತು ಆರು ವರ್ಷ, ಯಾರ ಮುಂದೆ ಮುಚ್ಚಿಡಬೇಕಿತ್ತು ಇನ್ನು, ನನ್ನ ಮುಂದೆ, ಅಕ್ಕಸಾಲಿಗನ ಮಗಳ ಮುಂದೆ, ಹೆಣ್ಮಗಳಿಗೆ ಊದುಗೊಳವೆ ಯಾಕೆ ಪೆನ್ಸಿಲ್ ಹಿಡಿ ಅಂತ ಅಪ್ಪ ಓದಿಗೆ ಕಳಿಸಿದ, ಪೆನ್ಸಿಲ್ ಹಿಡಿದೆ, ಹಾಸ್ಟೆಲಿನ ಮೇಜಿನ ಮೇಲೆ ಪ್ರಪಂಚದ ಎಲ್ಲ ಒಡವೆ ಬರೆದೆ, ಮನೆಯ ಒಡವೆಯೊಳಗೆ ಏನಿದೆ ಅಂತ ನನಗೇ ಗೊತ್ತಿರಲಿಲ್ಲ. ನೋಡಿದ್ರೆ ಭಾರ ಹಾಕಿದ್ರೆ ಹಗುರ, ತೆಳು ತಗಡು, ಎಷ್ಟು ತೆಳ್ಳಗಾಗುತ್ತೋ ಅಷ್ಟು — ಯಜಮಾನರೇ ನಿಮಗೆ ಬೇಕಾಗಿದ್ದನ್ನು ಅಪ್ಪ ಮೂವತ್ತು ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದ, ನಾನು ಮೂರು ತಿಂಗಳಿಂದ ಕಂಪ್ಯೂಟರಿನಲ್ಲಿ ಗೋಡೆ ಎಷ್ಟು ತೆಳ್ಳಗೆ ಮಾಡಬಹುದು ಅಂತ ತಲೆ ಚಚ್ಚಿಕೊಳ್ಳುತ್ತಿದ್ದೇನೆ, ಉತ್ತರವನ್ನು ತಂದು ರಬ್ಬರಿನಲ್ಲಿಟ್ಟು ಬೇಯಿಸುತ್ತಿದ್ದೇನೆ.

ಇಪ್ಪತ್ತು. ಈಗ ನಿಲ್ಲಿಸಿದರೂ ಅಷ್ಟೇ ಬಿಟ್ಟರೂ ಅಷ್ಟೇ, ಅರೆಬೆಂದ ರಬ್ಬರ್ ಹಿಟ್ಟಿನ ಹಾಗೆ ಅಂಟುತ್ತದೆ, ಎಳೆದರೆ ತಗಡೂ ಅದರ ಜೊತೆ ಬರುತ್ತದೆ, ಬೆಂದು ಮುಗಿದ ಮೇಲಾದರೂ ಕೊಯ್ಯಬಹುದು, ಸುಮ್ಮನೆ ಕೂತಿರು, ಕೂತಿದ್ದೇನೆ, ಎದ್ದು ಎಲ್ಲಿಗೆ ಹೋಗಲಿ, ಈ ಕೋಣೆಗೆ ಒಂದು ಬಾಗಿಲು, ಬಾಗಿಲ ಆಚೆ ಗಾಜಿನ ಓಣಿ, ಓಣಿಯ ಕೊನೆಗೆ ಗೇಟಿನ ಅಕ್ಕ, ಅವಳ ತಕ್ಕಡಿ, ತಕ್ಕಡಿಗೆ ಇನ್ನೂರ ಹನ್ನೆರಡು ಬೇಕು, ಆಚೆ ರಸ್ತೆ, ರಸ್ತೆಯ ಕೊನೆಗೆ ಮನೆ, ಮನೆಯಲ್ಲಿ ಕನ್ನಡಿ, ಕನ್ನಡಿಯ ಮುಂದೆ ಬೆನ್ನು. ಏನು ಹೇಳುವುದು. ಬಿಲ್ಲೆ ಹಾಳಾಯ್ತಮ್ಮ ಅಂದರೆ ಹೇಗೆ ಅನ್ನುತ್ತಾಳೆ, ಬಿಸಿ ತಾಗಿತು ಅಂದರೆ ಚಿನ್ನಕ್ಕೆ ಬಿಸಿ ತಾಗಿದರೆ ಏನಂತೆ ಅಂತ ಕ್ರಾಪು ಕೇಳುತ್ತಾಳೆ, ಆಗ ಅಮ್ಮ ನನ್ನ ಮುಖ ನೋಡುತ್ತಾಳೆ, ಅಪ್ಪನ ಸುಳ್ಳನ್ನು ಒಡೆಯದೆ ನನ್ನ ತಪ್ಪು ಹೇಳಲು ಬರುವುದಿಲ್ಲ, ಕಳೆದುಹೋಯಿತು ಅನ್ನಬಹುದು, ಕಳ್ಳತನ ಆಯಿತು ಅನ್ನಬಹುದು, ಕಳ್ಳತನವೇ ವಾಸಿ, ಕದ್ದವನು ಗಟ್ಟಿ ಚಿನ್ನ ಕದ್ದ ಅಂತಾದರೂ ಉಳಿಯುತ್ತದೆ, ಥೂ, ಏನು ಯೋಚಿಸುತ್ತಿದ್ದೇನೆ, ಈ ಗಾಜಿನ ಮನೆಯಿಂದ ಕದಿಯಲು ಆಗುವುದಿಲ್ಲ ಅಂತ ಅಮ್ಮನಿಗೂ ಗೊತ್ತು. ಯಜಮಾನರಿಗೆ ಏನು ಹೇಳುವುದು. ಫಾರಮಿನಲ್ಲಿ ಗಟ್ಟಿಯ ಮುಂದೆ ನನ್ನ ಗೆರೆ, ನನ್ನ ಸಹಿ, ಅದು ಬಿರಡೆಯಲ್ಲ, ನಿಜವಾದ ಸಹಿ. ಹನಿ ಈಗ ತೊಗರಿ ಕಾಳಿನಷ್ಟಾಗಿದೆ, ಅದರ ಪಕ್ಕ ಇನ್ನೊಂದು, ಮೊದಲನೆಯದು ನೂಲು ಎಳೆಯಲು ಶುರು ಮಾಡಿದೆ, ಮಾಮ ಹಲ್ಲಿನ ಕಥೆ ಬಿಟ್ಟು ಮೊಮ್ಮಗಳ ಕಿವಿ ಚುಚ್ಚಿಸಿದ ಕಥೆಗೆ ಬಂದಿದ್ದಾರೆ, ಅವಳು ಅಳಲೇ ಇಲ್ಲ ಮೇಡಂ, ಅತ್ತಿದ್ದು ನಾನು, ಅನ್ನುತ್ತಿದ್ದಾರೆ. ಮಾಮ, ಅಂದೆ ನಾನು. ಹೇಳಿ. ಒಳಗೆ ಅರಗಿದೆ.

ಅವರು ನಕ್ಕರು, ಆಮೇಲೆ ನಗಲಿಲ್ಲ. ಬಗ್ಗಿ ಸಂದಿಯನ್ನು ನೋಡಿದರು, ಮೂಗನ್ನು ಹತ್ತಿರ ಒಯ್ದರು, ಪಾಪ, ಪ್ರಯೋಜನವಿಲ್ಲ ಅಂತ ನೆನಪಾಗಿ ಬೆರಳಿನಿಂದ ಹನಿ ಮುಟ್ಟಿ ಸರಕ್ಕನೆ ಕೈ ಎಳೆದುಕೊಂಡರು, ಬೆರಳ ತುದಿಯಲ್ಲಿ ಅದನ್ನು ಉಜ್ಜಿದರು, ನೂಲು ಬಂತು. ಯಾವಾಗ ಗೊತ್ತಾಯ್ತು ನಿಮಗೆ. ವಾಸನೆ ಬಂತು. ಯಾವಾಗ. ಮೂವತ್ತೈದು ಇದ್ದಾಗ. ಅವರು ಅಂಕಿ ನೋಡಿದರು, ಹತ್ತೊಂಬತ್ತು, ಬೈಯಬೇಕಿತ್ತು, ಸ್ಟೂಲನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತರು, ಅಚ್ಚು ತೆಗೆಯುವವರು ಅಂಕಿ ಸೊನ್ನೆಗೆ ಬರುವವರೆಗೆ ಕಾಯುವವರು, ಅವರಿಗೆ ಬೇರೆ ಏನೂ ಗೊತ್ತಿಲ್ಲ. ಹತ್ತಕ್ಕೆ ಒಂದು ಸಲ ಮಾತಾಡಿದರು, ನಿಮ್ಮಪ್ಪ ಒಳ್ಳೇ ಕೆಲಸಗಾರ ಮೇಡಂ, ತಟ್ಟಿ ನೋಡ್ದಾಗ ನನಗೂ ಗೊತ್ತಾಗ್ಲಿಲ್ಲ, ಟೊಳ್ಳು ಸದ್ದು ಬರದಂಗೆ ತುಂಬಿದಾನೆ, ಒಂದು ಚೂರು ಗಾಳಿ ಬಿಟ್ಟಿಲ್ಲ. ಒಂಬತ್ತು, ಎಂಟು, ಗಾಜಿನ ಆಚೆ ಯಾರೋ ಹೋದರು, ಬಂದರು, ಐದು, ಸೊನ್ನೆ, ಗಂಟೆ ಹೊಡೆಯಿತು, ಚಕ್ರ ತಿರುಗಿತು, ಇಕ್ಕಳದಲ್ಲಿ ಚೌಕಟ್ಟು ಹೊರಗೆ ಬಂತು, ನೀರಿಗೆ ಬಿತ್ತು, ಬುಸ್ ಅಂತು, ಮಾಮ ಚಾಕು ತೆಗೆದುಕೊಂಡು ಅಂಚಿನಿಂದ ಕೊಯ್ಯಲು ಶುರು ಮಾಡಿದರು, ಮೀನು ಸೀಳುವ ಹಾಗೆ, ಆತುರ ಇಲ್ಲದೆ.

ಮೊದಲು ದೊಡ್ಡದು, ಅಂಗೈಯಷ್ಟಿದ್ದದ್ದು, ಚಪ್ಪಟೆ, ಮುಖ ಒಳಕ್ಕೆ ಹೋಗಿ ಬೆನ್ನಿಗೆ ಅಂಟಿದೆ, ಚುಕ್ಕೆ ಹಾರಿ ತೂತು ತೆರೆದಿದೆ, ತೂತಿನ ಬಾಯಲ್ಲಿ ಕಂದು ಹೆಪ್ಪುಗಟ್ಟಿದೆ, ಬಿಸ್ಕತ್ತಿನ ಸುತ್ತಿನ ಬೆಳ್ಳಿ ಕಾಗದ ಮುದುರಿದ ಹಾಗೆ ಅಷ್ಟೇ ಚಿನ್ನ, ಎರಡನೆಯದು, ಮೂರನೆಯದು, ಮಾಮ ಒಂದೊಂದನ್ನೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ, ಜಡೆಯ ಮೇಲೆ ಇರಬೇಕಾದ ಕ್ರಮದಲ್ಲೇ, ಅಭ್ಯಾಸ, ಚೌಕಟ್ಟಿನ ನಡುವೆ ಇದ್ದ ನಾಲ್ಕನ್ನು ಇಡುವಾಗ ಕೈ ನಿಂತಿತು, ವಾಸನೆ ಬಂದಾಗ್ಲೇ ಹೇಳಿದ್ರೆ ಇವು ನಾಲ್ಕು ಉಳೀತಿದ್ವು, ಅಂದರು, ತಕರಾರಿಲ್ಲದ ದನಿಯಲ್ಲಿ, ಆಮೇಲೆ ಕೊನೆಯದು, ಮೂಲೆಯಲ್ಲಿದ್ದ ಉಗುರಿನಷ್ಟು ಸಣ್ಣದು, ರಬ್ಬರಿನಿಂದ ತಾನಾಗಿ ಜಾರಿ ಬಿದ್ದು ಮೇಜಿನ ಮೇಲೆ ಟಣ್ ಅಂತು, ಹೊಳೆಯುತ್ತಿದೆ, ಒಂದು ಗೀರಿಲ್ಲ, ಮಾಮ ಅದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನನ್ನ ಅಂಗೈಗೆ ಇಟ್ಟರು, ಇದೊಂದು ಗಟ್ಟಿ ಮೇಡಂ. ಚುಕ್ಕೆ ಇಲ್ಲದ್ದು. ಗಟ್ಟಿಯಾಗಿ ಮಾಡಲು ಅಪ್ಪನ ಕೈಲಿ ಅಷ್ಟೇ ಆಗಿತ್ತು, ಆದಷ್ಟನ್ನು ತುದಿಗೆ ಹಾಕಿದ್ದ, ಅಮ್ಮ ನಡೆದರೆ ಸೊಂಟದ ಕೆಳಗೆ ಅಲುಗುತ್ತಿದ್ದದ್ದು ಇದೇ. ಗೇಟಲ್ಲಿ ತೂಕ ಸರಿ ಬರ್ಬೇಕು ಅಂದ್ರೆ ಆ ಅರಗನ್ನೂ ಕೆರೆದು ಕಟ್ಕೊಂಡು ಹೋಗ್ಬೇಕು ನೀವು, ಮಾಮ ನನಗೆ ಒಂದು ಸಣ್ಣ ಚಾಕು ಕೊಟ್ಟರು, ತಾವೊಂದು ತೆಗೆದುಕೊಂಡರು, ಕೆರೆಯುತ್ತೇವೆ, ರಬ್ಬರಿನ ಗೂಡುಗಳಿಂದ, ಚೌಕಟ್ಟಿನ ಸಂದಿಯಿಂದ, ಕೆಳಗಿನ ತಟ್ಟೆಯಿಂದ, ಗೋಡೆಯ ಫೋನು ಮತ್ತೆ ಹೊಡೆದುಕೊಳ್ಳುತ್ತಿದೆ, ಇಬ್ಬರೂ ಎತ್ತುವುದಿಲ್ಲ, ಸಂದಿಯ ಆ ಮೊದಲ ಹನಿ ಮಾತ್ರ ಇನ್ನೂ ಅಲ್ಲೇ ಇದೆ, ನೂಲು ಎಳೆದುಕೊಂಡು ಬೀಳದೆ ಹಾಗೇ ತಣ್ಣಗಾಗಿದೆ, ಕಂದು, ಚಾಕು ಅದರ ಹತ್ತಿರ ಹೋಗಿ ನಿಂತಿದೆ, ಒಂದು ಹನಿ, ಕಂದು, ಒಳಗೆ ಹೋದದ್ದು ಒಂಬತ್ತು, ಉಳಿಯಬಹುದಾಗಿದ್ದದ್ದು ಐದು, ಉಳಿದದ್ದು ಒಂದು, ಇಲ್ಲವಾದದ್ದು ಎಂಟು.